ಮೋಡಿ ಬರಹ: ಕಡತದಿಂದ ಲಗ್ನಪತ್ರಿಕೆಯವರೆಗೆ

ಲೇಖನಿಯನ್ನು ಆದಷ್ಟು ಮೇಲೆತ್ತದೆ, ಒಂದಕ್ಷರದ ತುದಿಯಿಂದ ಮುಂದಿನ ಅಕ್ಷರಕ್ಕೆ ಗೆರೆ ಹರಿದುಹೋಗುವಂತೆ ಬರೆಯುವುದಕ್ಕೆ ಮೋಡಿ ಬರಹ, ಓಡು ಬರಹ ಎಂಬ ಹೆಸರುಗಳಿವೆ. ಈ ಕೈಬರಹದ ಲಾಲಿತ್ಯವನ್ನು ಅಚ್ಚಿಗೂ ಕಂಪ್ಯೂಟರಿಗೂ ಇಳಿಸಿ ಮಾಡಿದ ಅಕ್ಷರಮಾದರಿಯೇ ಮೋಡಿ ಫಾಂಟು. ಮದುವೆಯ ಕರೆಯೋಲೆ, ಅಭಿನಂದನ ಪತ್ರ, ಪುಸ್ತಕದ ಮುಖಪುಟ, ಸಿನಿಮಾ ಶೀರ್ಷಿಕೆ, ಅಂಗಡಿಯ ಫಲಕಗಳಲ್ಲಿ ಇದರ ಬಳಕೆ ಹೆಚ್ಚು. ಇಂಗ್ಲಿಷಿನಲ್ಲಿ ಇಂಥ ಫಾಂಟುಗಳು ನೂರಾರು ಇವೆ. ಕನ್ನಡದಲ್ಲಿ ಕಡಿಮೆ, ಒಳ್ಳೆಯವು ಇನ್ನೂ ಕಡಿಮೆ. ಕನ್ನಡದ ಕೈಬರಹ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸದೆ ಇಂಗ್ಲಿಷಿನ ಅಚ್ಚಿನಲ್ಲೇ ಕನ್ನಡವನ್ನು ಎರಕ ಹೊಯ್ಯಲು ಹೋದದ್ದು ಇದಕ್ಕೆ ದೊಡ್ಡ ಕಾರಣ. ನಮ್ಮ ಓಡು ಬರಹಕ್ಕೆ ತನ್ನದೇ ವಂಶವಿದೆ. ಹೇಮಾವತಿ ದಡದ ಅಕ್ಕಿಹೆಬ್ಬಾಳು, ಅದರ ಆಚೀಚಿನ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯಲ್ಲಿ ಆ ವಂಶದ ಹೆಚ್ಚುಕಡಿಮೆ ಎಲ್ಲ ತಲೆಮಾರುಗಳೂ ಸಿಗುತ್ತವೆ.

ಅಕ್ಷರದ ಮೈಕಟ್ಟು

ಇಂಗ್ಲಿಷಿನ ಕೂಡುಬರಹ ಎರಡು ಗುಣಗಳ ಮೇಲೆ ನಿಂತಿದೆ: ಅಕ್ಷರ ಬಲಕ್ಕೆ ವಾಲುತ್ತದೆ, ಕೆಳಗಿನ ಗೆರೆಯ ಹತ್ತಿರ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತದೆ. ಕನ್ನಡದ ಅಕ್ಷರ ದುಂಡಗಿನದು. ಅದರ ಚಲನೆ ಅಕ್ಷರದಿಂದ ಅಕ್ಷರಕ್ಕೆ ಅಡ್ಡಲಾಗಿ ಹೋಗುವುದಕ್ಕಿಂತ ಹೆಚ್ಚಾಗಿ ಅಕ್ಷರದ ಒಳಗೇ ಸುತ್ತುತ್ತದೆ. ತಲೆಕಟ್ಟಿನಿಂದ ಮೈಗೆ, ಮೈಯಿಂದ ಗುಡಿಸಿಗೆ, ಅಲ್ಲಿಂದ ದೀರ್ಘಕ್ಕೆ, ಕೆಳಗಿಳಿದು ಒತ್ತಿಗೆ. ಜ, ಣ, ಬ, ಲ ಮುಂತಾದವಕ್ಕೆ ತಲೆಕಟ್ಟೇ ಇಲ್ಲ. ಆದ್ದರಿಂದ ದೇವನಾಗರಿಯ ಹಾಗೆ ಎಲ್ಲ ಅಕ್ಷರಗಳನ್ನೂ ತಲೆಯ ಮೇಲಿನ ಗೆರೆಯಿಂದ ಹೊಲಿದುಬಿಡುವಂತಿಲ್ಲ, ಬುಡದಲ್ಲಿ ಕೊಂಡಿ ಹಾಕೋಣವೆಂದರೆ ಅಲ್ಲಿ ಒತ್ತಕ್ಷರ ಕುಳಿತಿರುತ್ತದೆ.

‘ಶ್ರೀ’ ಒಂದನ್ನೇ ಹತ್ತಿರದಿಂದ ನೋಡಬಹುದು. ಶಕಾರದ ಮೈ ಬರೆದು, ಮೇಲೆ ಗುಡಿಸು ಕಟ್ಟಿ, ಕೆಳಗೆ ರಕಾರದ ಒತ್ತು ಎಳೆದು, ಬಲಕ್ಕೆ ದೀರ್ಘ ಕೊಡಬೇಕು. ಶಾಲೆಯಲ್ಲಿ ಕಾಪಿ ಬರೆಯುವ ಮಗು ಇದಕ್ಕಾಗಿ ಪೆನ್ಸಿಲನ್ನು ಮತ್ತೆ ಮತ್ತೆ ಎತ್ತಿಡುತ್ತದೆ. ಕೈ ಪಳಗಿದವರು ಮೈ ಮತ್ತು ಗುಡಿಸನ್ನು ಒಂದೇ ಸುತ್ತಿನಲ್ಲಿ ಮುಗಿಸಿ, ಒತ್ತಿನ ಬಾಲವನ್ನು ಎಡದಿಂದ ತಂದು ಬಲಕ್ಕೆ ಮೇಲಕ್ಕೆ ತಿರುಗಿಸಿ, ಆ ತಿರುವಿನಲ್ಲೇ ದೀರ್ಘವನ್ನು ಸುತ್ತಿಬಿಡುತ್ತಾರೆ. ಹಾಗೆ ಬರೆದ ‘ಶ್ರೀ’ಯಲ್ಲಿ ಒತ್ತು ಯಾವುದು, ದೀರ್ಘ ಯಾವುದು ಎಂದು ಗೆರೆ ಕತ್ತರಿಸಿ ತೋರಿಸಲಾಗದು. ಕನ್ನಡದ ಓಡು ಬರಹದ ಜೀವ ಇರುವುದು ಇಲ್ಲಿ. ಪದದಲ್ಲಿ ಮುಂದಿನ ಅಕ್ಷರವನ್ನು ಮುಟ್ಟುತ್ತದೋ ಇಲ್ಲವೋ ಎಂಬುದು ಎರಡನೆಯ ಮಾತು.

ವಾಲಿಸುವ ವಿಚಾರವೂ ಹೀಗೆಯೇ. ಸಾಫ್ಟ್‌ವೇರಿನಲ್ಲಿ ಇಟಾಲಿಕ್ ಗುಂಡಿ ಒತ್ತಿ ಕನ್ನಡವನ್ನು ಓರೆ ಮಾಡಿದರೆ ದುಂಡು ಮೊಟ್ಟೆಯಾಗುತ್ತದೆ, ತಲೆಕಟ್ಟು ಬಲಕ್ಕೆ ಸರಿಯುತ್ತದೆ, ಒತ್ತು ತನ್ನ ಮೇಲಿನ ಅಕ್ಷರದ ಕೆಳಗಿಂದ ಎಡಕ್ಕೆ ಜಾರುತ್ತದೆ. ಕೈಯಿಂದ ಬರೆದ ಓರೆ ಅಕ್ಷರದಲ್ಲಿ ಒತ್ತೂ ಜಾಗ ಬದಲಿಸಿ ಸಮತೋಲ ಕಾಯುತ್ತದೆ. ಯಂತ್ರದ ಓರೆಗೆ ಆ ತಿಳಿವಳಿಕೆ ಇಲ್ಲ. ಇದನ್ನು ಮೋಡಿ ಫಾಂಟು ಎಂದು ಕರೆಯಬಾರದು.

ಕಲ್ಲು, ಓಲೆ, ಕಡತ

ಹೊಯ್ಸಳರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ಬಳಸಿದ್ದರಿಂದ ಶಾಸನದ ಅಕ್ಷರಕ್ಕೆ ಹೊಸ ಸೊಬಗು ಬಂತು. ಕಣಶಿಲೆಯ ಮೇಲೆ ಉಳಿ ತಿರುಗುವುದು ಕಷ್ಟ, ಬಳಪದ ಕಲ್ಲು ಮೆದು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯ (1171), ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಗಳ ಕಾಲಕ್ಕೆ ಅಕ್ಷರ ಸಮನಾದ ದುಂಡು ಪಡೆದು, ಬಾಲಗಳನ್ನು ಅಲಂಕಾರವಾಗಿ ಎಳೆಯುವ ಮಟ್ಟಕ್ಕೆ ಬಂದಿತ್ತು. ಬರೆದವನೂ ಕಡೆದವನೂ ಬೇರೆ ಬೇರೆ ಎಂಬುದನ್ನು ಆ ಕಾಲದ ಶಾಸನಗಳು ತಾವೇ ಹೇಳುತ್ತವೆ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯನ್ನು ಕಡೆದ ಗಂಗಾಚಾರಿ ತನ್ನ ಹೆಸರನ್ನು ಬಿರುದಿನೊಡನೆ ಕಲ್ಲಿಗೆ ಹಾಕಿಸಿಕೊಂಡಿದ್ದಾನೆ. ಅಕ್ಷರದ ಅಂದಕ್ಕೆ ಸಲ್ಲುತ್ತಿದ್ದ ಮರ್ಯಾದೆ ಅದು.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟ (1898) ಕೃಷ್ಣರಾಜಪೇಟೆ, ನಾಗಮಂಗಲದ ಶಾಸನಗಳನ್ನು ಸೇರಿಸಿಕೊಂಡಿತು. ಮೈಸೂರು ವಿಶ್ವವಿದ್ಯಾನಿಲಯ ತಂದ ಪರಿಷ್ಕೃತ ಮಾಲೆಯ ಆರನೆಯ ಸಂಪುಟ (1977) ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳದ್ದು. ಪಾಠ ತಿಳಿಯಲು ಈ ಸಂಪುಟಗಳಿಗೆ ಸಾಟಿಯಿಲ್ಲ. ಆದರೆ ಅಚ್ಚಿನ ಮೊಳೆಗೆ ಇಳಿದ ಮೇಲೆ ಎಲ್ಲ ಶತಮಾನಗಳ ಶಾಸನಗಳಿಗೂ ಒಂದೇ ಮುಖ ಬಂದಿದೆ. ಅಕ್ಷರರೂಪವನ್ನು ಕಲಿಯಬೇಕಾದವರು ಕಲ್ಲಿನ ಮುಂದೆಯೇ ನಿಲ್ಲಬೇಕು, ಇಲ್ಲವೆ ಶಾಸನದ ಪಡಿಯಚ್ಚು ನೋಡಬೇಕು.

ಓಲೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ಬೇರೆ ಶಿಸ್ತು. ಗರಿಯ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ದುಂಡಗೆ ತಿರುಗಿಸಿದರೆ ಉಳಿಯುತ್ತದೆ. ಕೊರೆದ ಮೇಲೆ ಕಾಡಿಗೆ ತೀಡಿದಾಗ ಅಕ್ಷರ ಕಪ್ಪಾಗಿ ಏಳುತ್ತದೆ. ಗೆರೆಯ ದಪ್ಪ ಎಲ್ಲೆಡೆ ಒಂದೇ. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲೂ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೂ (ಸ್ಥಾಪನೆ 1891) ಇಂಥ ಓಲೆಗಳ ರಾಶಿಯೇ ಇದೆ. ಇಂದಿನ ಒಂದೇ ದಪ್ಪದ ಗೆರೆಯ ಕನ್ನಡ ಫಾಂಟುಗಳಿಗೆ ಮೂಲವನ್ನು ಹುಡುಕುವವರು ಯುರೋಪಿಗೆ ಹೋಗಬೇಕಿಲ್ಲ.

ಓಡು ಬರಹಕ್ಕೆ ನಿಜವಾದ ಬಯಲು ಸಿಕ್ಕಿದ್ದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟನ್ನು ಇದ್ದಿಲ ಪುಡಿಯೊಡನೆ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಕಪ್ಪು ಮೈಯ ಮೇಲೆ ಬಳಪದ ಕಡ್ಡಿಯಿಂದ ಬಿಳಿಯ ಅಕ್ಷರ. ಹೊಯ್ಸಳ ರೂವಾರಿಯ ಉಳಿಗೆ ಒಲಿದ ಕಲ್ಲೇ ಇಲ್ಲಿ ಲೇಖನಿಯಾಯಿತು. ಒರೆಸಿ ಮತ್ತೆ ಬರೆಯಬಹುದು, ಬಳಪ ಜಾರುತ್ತದೆ, ಕೈ ತಡೆಯಿಲ್ಲದೆ ಓಡುತ್ತದೆ. ವ್ಯಾಪಾರಿಯ ಲೆಕ್ಕ, ಮಠದ ಆಯವ್ಯಯ, ಊರಿನ ಕಂದಾಯ ಎಲ್ಲವೂ ಇದರಲ್ಲಿ. ಶೃಂಗೇರಿ ಮಠದ ಕಡತಗಳು ಈ ಬಗೆಯ ದಾಖಲೆಗಳಲ್ಲಿ ಬಹಳ ಹೆಸರುವಾಸಿಯಾದವು. ಎ.ಕೆ. ಶಾಸ್ತ್ರಿ ಅವುಗಳ ಅಧ್ಯಯನಕ್ಕೆ ವರ್ಷಾನುಗಟ್ಟಲೆ ಶ್ರಮಿಸಿದ್ದಾರೆ.

ಶ್ರೀರಂಗಪಟ್ಟಣದ ಮೂರು ಕೈಗಳು

ಹದಿನೆಂಟನೆಯ ಶತಮಾನದ ಶ್ರೀರಂಗಪಟ್ಟಣದಲ್ಲಿ ಮೂರು ಓಡು ಬರಹಗಳು ಒಂದೇ ಕಚೇರಿಯ ಸೂರಿನಡಿ ಇದ್ದವು. ಹೈದರನ ಕಾಲದಲ್ಲಿ ಲೆಕ್ಕಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ನಡೆಯುತ್ತಿತ್ತು, ಟಿಪ್ಪುವಿನ ಕಾಲಕ್ಕೆ ಪಾರಸಿ ಮುಂದೆ ಬಂತು.

ಮರಾಠಿಯ ಲೆಕ್ಕ ಎಂದರೆ ಮೋಡಿ ಎಂಬ ಹೆಸರಿನದೇ ಒಂದು ಲಿಪಿ. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ ಇದನ್ನು ರೂಢಿಗೆ ತಂದನೆಂಬುದು ಪರಂಪರೆಯ ನಂಬಿಕೆ. ಕಾಗದದ ಉದ್ದಕ್ಕೂ ಮೊದಲು ತಲೆಗೆರೆ ಎಳೆದುಕೊಂಡು, ಬೋರುವಿನ ಲೇಖನಿಯಿಂದ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತ ಹೋಗುವುದು ಇದರ ಕ್ರಮ. ವೇಗಕ್ಕಾಗಿ ಹ್ರಸ್ವ ದೀರ್ಘಗಳ ಭೇದವನ್ನೂ ಬಿಟ್ಟುಕೊಟ್ಟಿತು: ಇಕಾರ ಈಕಾರಕ್ಕೆ ಒಂದೇ ಗುರುತು, ಉಕಾರ ಊಕಾರಕ್ಕೂ ಒಂದೇ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಮಹಾರಾಷ್ಟ್ರದಲ್ಲಿ ಬಳಕೆಯಲ್ಲಿತ್ತು. 2014ರಲ್ಲಿ ಯೂನಿಕೋಡಿನ 7.0 ಆವೃತ್ತಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಕರ್ನಾಟಕದ ದಫ್ತರಗಳಲ್ಲೂ ಮೋಡಿ ಕಾಗದಗಳು ಹೇರಳವಾಗಿವೆ, ಓದಬಲ್ಲವರು ಬೆರಳೆಣಿಕೆಯವರು.

ಪಾರಸಿಯ ನಸ್ತಾಲಿಕ್ ಬರಹ ಓಡು ಬರಹಗಳಲ್ಲೆಲ್ಲ ಅತ್ಯಂತ ಲಲಿತವಾದದ್ದು ಎಂದರೆ ಅತಿಶಯೋಕ್ತಿಯಲ್ಲ. ಪದ ಬಲದ ಮೇಲ್ತುದಿಯಿಂದ ಎಡದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ, ಗೆರೆ ಕೂದಲೆಳೆಯಿಂದ ಶುರುವಾಗಿ ಲೇಖನಿಯ ಪೂರ್ಣ ಅಗಲಕ್ಕೆ ತುಂಬಿ ಮತ್ತೆ ಸಣ್ಣದಾಗುತ್ತದೆ. ಊರಿನ ಗುಂಬಜ್ ಸಮಾಧಿ, ಮಸ್ಜಿದ್-ಎ-ಆಲಾ ಮಸೀದಿಗಳಲ್ಲಿ ಪಾರಸಿ ಅರಬ್ಬಿ ಬರಹಗಳನ್ನು ಇಂದಿಗೂ ನೋಡಬಹುದು. ಹೈದರನ ನಾಣ್ಯದ ಮೇಲೆ ಅವನ ಹೆಸರಿನ ಮೊದಲಕ್ಷರ ಒಂದೇ ಒಂದು ಬಾಗಿದ ಗೆರೆಯಾಗಿ ನಿಂತಿದೆ. ಟಿಪ್ಪುವಿನ ಆಯುಧಗಳ ಮೇಲೆ ‘ದೇವರ ಸಿಂಹ ಗೆಲ್ಲುವವನು’ ಎಂಬರ್ಥದ ಅರಬ್ಬಿ ಮಾತನ್ನು ಹುಲಿಯ ಮುಖದ ಆಕಾರಕ್ಕೆ ತಿರುಗಿಸಿ ಬರೆಯಲಾಗಿದೆ. ಓಡು ಬರಹವನ್ನು ರಾಜಲಾಂಛನವಾಗಿ ಬಳಸಿದ ಇಷ್ಟು ಸೊಗಸಿನ ಉದಾಹರಣೆ ಈ ನಾಡಿನಲ್ಲಿ ಇನ್ನೊಂದಿಲ್ಲ.

ಇವೆರಡರ ನಡುವೆ ಕನ್ನಡ ಕುಗ್ಗಲಿಲ್ಲ. ಟಿಪ್ಪು ಶೃಂಗೇರಿಯ ಸ್ವಾಮಿಗಳಿಗೆ ಬರೆಸಿದ ಪತ್ರಗಳು ಕನ್ನಡದಲ್ಲೇ ಇವೆ, 1916ರಲ್ಲಿ ಬೆಳಕಿಗೆ ಬಂದವು. ಅದಕ್ಕೂ ಹಿಂದೆ ವಿಜಯನಗರದ ತಾಮ್ರಶಾಸನಗಳು ನಂದಿನಾಗರಿಯಲ್ಲಿದ್ದರೂ ಕೊನೆಯ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಮಾತ್ರ ಕನ್ನಡದ ಅಕ್ಷರದಲ್ಲಿ ಇರುತ್ತಿತ್ತು. ಅಧಿಕಾರದ ರುಜು ಕನ್ನಡದ ಕೈಯಲ್ಲಿ ಎಂಬ ರೂಢಿ ಹಳೆಯದು.

ಶಾನುಭೋಗರ ಬರವಣಿಗೆ

ಹಳ್ಳಿಯ ಮಟ್ಟದಲ್ಲಿ ಈ ಕಲೆಯನ್ನು ತಲೆಮಾರುಗಳ ಕಾಲ ಕಾಪಾಡಿದವರು ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರು. ಅವರ ಬರವಣಿಗೆಯಲ್ಲಿ ತಲೆಕಟ್ಟು ಕುಗ್ಗಿ ಸಣ್ಣ ಕೊಕ್ಕೆಯಾಗುತ್ತದೆ, ಹಲವೆಡೆ ಅದೇ ಕೊಕ್ಕೆ ಮುಂದಿನ ಅಕ್ಷರಕ್ಕೆ ಹಾದಿ. ಮಹಾಪ್ರಾಣದ ಸೀಳು ಮಾಯ. ಪದಗಳ ನಡುವೆ ಜಾಗವಿಲ್ಲ. ಕಾಲು, ಅರೆ, ಮುಕ್ಕಾಲು, ವೀಸಗಳಿಗೆ ಬೇರೆ ಗುರುತುಗಳು. ಪದಗಳನ್ನು ಮೊಟಕುಗೊಳಿಸಿ ಎರಡು ನಿಲುಗೆರೆ ಹಾಕುವ ಪದ್ಧತಿಯೂ ಇವರದೇ ಲೋಕದ್ದು. ಮ॥ರಾ॥ಶ್ರೀ, ಉ॥ಕು॥ಸಾಂಪ್ರತ ಎಂದು ಶುರುವಾಗುವ ಕಾಗದಗಳನ್ನು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಕಾಣಬಹುದು. ಮೇಲ್ನೋಟಕ್ಕೆ ಕಾಗೆ ಕಾಲು ಗುಬ್ಬಿ ಕಾಲಿನಂತೆ ಕಂಡರೂ ಅದರಲ್ಲಿ ಕಟ್ಟುನಿಟ್ಟಾದ ನಿಯಮವಿದೆ. ಒಂದು ಹೋಬಳಿಯ ಬರವಣಿಗೆಯನ್ನು ಓದಲು ಕಲಿತವನಿಗೆ ಪಕ್ಕದ ಹೋಬಳಿಯದ್ದೂ ಸ್ವಲ್ಪದರಲ್ಲೇ ದಕ್ಕುತ್ತದೆ.

ಶಾನುಭೋಗರ ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ಹೋಯಿತು. ಅದರ ಸಾಮಾಜಿಕ ನ್ಯಾಯದ ಬಗ್ಗೆ ಎರಡು ಮಾತಿಲ್ಲ. ಮುಂದೆ 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ನಿಂತಿತು. ಹೊಲದ ಸರ್ವೆ ನಂಬರನ್ನು ಯಾರು ಬೇಕಾದರೂ ಓದಬಲ್ಲ ಅಕ್ಷರದಲ್ಲಿ ರೈತ ಪಡೆಯತೊಡಗಿದ. ಓಡು ಬರಹ ಅಲ್ಲಿಂದ ತೊಲಗಿದ್ದು ಒಳ್ಳೆಯದೇ. ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಯಲ್ಲಿ ಉಳಿದ ಹಳೆಯ ವಹಿಗಳನ್ನು ಅಕ್ಷರವಿನ್ಯಾಸದ ಆಕರವೆಂದು ಯಾರೂ ಎಣಿಸದಿರುವುದು ಮಾತ್ರ ನಷ್ಟ. ಕನ್ನಡ ಓಡು ಬರಹದ ದೊಡ್ಡ ಮಾದರಿಕೋಶ ಆ ವಹಿಗಳು.

ಕಲ್ಲಚ್ಚು ಮತ್ತು ಮೊಳೆ

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಹೊರಬಂದಾಗ ಅದು ಕಲ್ಲಚ್ಚಿನದಾಗಿತ್ತು. ಕಲ್ಲಚ್ಚಿನಲ್ಲಿ ಬರೆದದ್ದೇ ಅಚ್ಚಾಗುತ್ತದೆ. ಎಂದರೆ ಕನ್ನಡ ಪತ್ರಿಕೋದ್ಯಮ ಶುರುವಾದದ್ದು ಕೈಬರಹದಲ್ಲಿ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು, ಮೊಳೆಗೆ ಇಳಿಯಿತು. ಅದಕ್ಕೂ ಮೊದಲೇ, 1817ರಲ್ಲಿ, ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣಕ್ಕಾಗಿ ಕನ್ನಡ ಮೊಳೆ ಬಳಕೆಗೆ ಬಂದಿತ್ತು.

ಸೀಸದ ಮೊಳೆ ಓಡು ಬರಹದ ವೈರಿ. ಪ್ರತಿ ಮೊಳೆಯೂ ತನ್ನ ಚೌಕದೊಳಗೆ ಮುಗಿಯಬೇಕು. ಒತ್ತಕ್ಷರಕ್ಕೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ. ‘ಶ್ರೀ’ಯ ಒಂದೇ ಉಸಿರಿನ ಗೆರೆ ತುಂಡುಗಳ ಜೋಡಣೆಯಾಯಿತು. ಯುರೋಪಿನಲ್ಲಿ ಆಲ್ಡಸ್ ಮನೂಷಿಯಸ್ 1501ರಲ್ಲೇ ಇಟಾಲಿಕ್ ಮೊಳೆಯಲ್ಲಿ ಪುಸ್ತಕ ಅಚ್ಚು ಹಾಕಿದ. ಮುಂದೆ ತಾಮ್ರಫಲಕದ ದುಂಡು ಬರಹವನ್ನು ಅನುಸರಿಸಿದ ಮೊಳೆಗಳು ಅಲ್ಲಿ ಬೆಳೆದವು. ಕನ್ನಡದ ಅಚ್ಚುಕೂಟಗಳು ಅಂಥ ಸಾಹಸಕ್ಕೆ ಕೈಹಾಕಲಿಲ್ಲ. ಅಲಂಕಾರದ ಅಕ್ಷರ ಬೇಕಾದಾಗ ಚಿತ್ರಕಾರನಿಂದ ಬರೆಸಿ ಬ್ಲಾಕು ಮಾಡಿಸುವುದು ರೂಢಿಯಾಯಿತು. ಆ ರೂಢಿಯಿಂದಲೇ ಒಂದು ಕಲೆ ಬೆಳೆಯಿತು: ವಾರಪತ್ರಿಕೆ ಮಾಸಪತ್ರಿಕೆಗಳ ಕಥೆಗೆ ಚಿತ್ರ ಬರೆಯುವವರೇ ಶೀರ್ಷಿಕೆಯನ್ನೂ ಕುಂಚದಲ್ಲಿ ಬರೆದರು, ಸಿನಿಮಾ ಟೈಟಲ್ಲುಗಳು ಕೈಯಲ್ಲೇ ಅರಳಿದವು, ಫಲಕ ಬರೆಯುವವರು ಊರೂರಲ್ಲಿ ತಮ್ಮದೇ ಶೈಲಿ ಕಟ್ಟಿಕೊಂಡರು. ಸುಧಾ (1965), ಮಯೂರದ (1968) ಹಳೆಯ ಸಂಚಿಕೆಗಳನ್ನು ತಿರುವಿದರೆ ಕನ್ನಡಕ್ಕೆ ಎಂಥ ಮೋಡಿ ಸಾಧ್ಯ ಎಂಬುದು ಕಣ್ಣೆದುರು ಬರುತ್ತದೆ.

ಕಂಪ್ಯೂಟರಿನ ಮೋಡಿ

ಕನ್ನಡ ಡಿಟಿಪಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ತಂತ್ರಾಂಶಗಳಿಂದ ನೆಲೆಯೂರಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅದರ ಬೆನ್ನಿಗೇ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಈ ಹಂತದ ಫಾಂಟುಗಳು ಸೀಸದ ಮೊಳೆಯ ತರ್ಕವನ್ನೇ ಮುಂದುವರಿಸಿದವು. ಅಕ್ಷರದ ಮೈ ಒಂದು ಚೂರು, ಗುಡಿಸು ಇನ್ನೊಂದು, ಒತ್ತು ಮತ್ತೊಂದು. ಸಣ್ಣ ಗಾತ್ರದಲ್ಲಿ ಕಾಣದ ಬೆಸುಗೆ ಫ್ಲೆಕ್ಸ್ ಬ್ಯಾನರಿನಲ್ಲಿ ಅಡಿಯೆತ್ತರಕ್ಕೆ ಹಿಗ್ಗಿಸಿದಾಗ ಬಿರುಕಾಗಿ ಕಾಣುತ್ತದೆ.

ಯೂನಿಕೋಡ್ ಮತ್ತು ಓಪನ್‌ಟೈಪ್ ಈ ಕಟ್ಟನ್ನು ಬಿಚ್ಚಿದವು. ವಿಂಡೋಸ್ ಜೊತೆ ಬಂದ ತುಂಗಾ ಫಾಂಟಿನ ಹಿಂದೆ ಆರ್.ಕೆ. ಜೋಶಿ ಇದ್ದರು. ಅವರು ಮೊದಲಿಗೆ ಲಿಪಿಕಾರರು, ಆಮೇಲೆ ಫಾಂಟುಗಾರರು. ಓಪನ್‌ಟೈಪಿನಲ್ಲಿ ಫಾಂಟಿನೊಳಗೇ ನಿಯಮ ಬರೆಯಬಹುದು: ಶ, ಹಲಂತ, ರ, ಈ ಸಾಲಾಗಿ ಬಂದರೆ ಇಡಿಯ ‘ಶ್ರೀ’ಯನ್ನು ಒಂದೇ ಚಿತ್ರವಾಗಿ ತೋರಿಸು. ಪದದ ಕೊನೆಯಲ್ಲಿ ಬಂದ ದೀರ್ಘಕ್ಕೆ ಉದ್ದ ಬಾಲ, ನಡುವೆ ಬಂದರೆ ಗಿಡ್ಡ ಬಾಲ. ಕೆಳಗಿನ ಸಾಲಿನ ಗುಡಿಸಿಗೆ ಮೇಲಿನ ಸಾಲಿನ ಒತ್ತು ತಾಗದಂತೆ ಸಾಲಿನ ಅಂತರ. ಎಂದರೆ ಸೀಸ ಕಿತ್ತುಕೊಂಡದ್ದನ್ನು ಕೈಗೆ ಮರಳಿ ಕೊಡುವ ಸಲಕರಣೆ ಈಗ ಇದೆ. ಬೇಕಾದದ್ದು ತಾಳ್ಮೆ. ಮೂವತ್ನಾಲ್ಕು ವ್ಯಂಜನಗಳು, ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿದಾಗ ಕನ್ನಡದ ಮೋಡಿ ಫಾಂಟಿಗೆ ನೂರಾರು ಆಕೃತಿಗಳನ್ನು ಒಂದೊಂದಾಗಿ ಬರೆಯಬೇಕು.

ಆಗಿರುವ ಕೆಲಸದಲ್ಲಿ ಕೈಬರಹದ ಶೈಲಿಯ ನವಿಲು ಫಾಂಟನ್ನು ಮೊದಲು ಹೆಸರಿಸಬೇಕು. ಅರವಿಂದ ವಿ.ಕೆ. ರೂಪಿಸಿದ ಈ ಮುಕ್ತ ಫಾಂಟು ಲಿನಕ್ಸ್ ವಿತರಣೆಗಳಲ್ಲೂ ಸೇರಿದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ಅಕಾಯ ಕನ್ನಡಕ ಲೇಖನಿಯ ತಿರುವನ್ನು ಧೈರ್ಯವಾಗಿ ಹಿಗ್ಗಿಸಿದ ಶೀರ್ಷಿಕೆಯ ಫಾಂಟು, ಎಕ್ ಟೈಪ್ ಬಳಗದ ಬಲೂ ತಮ್ಮ ದಪ್ಪ ಕುಂಚದ ನೆನಪು ತರುವಂಥದ್ದು. ಇವೆರಡನ್ನೂ ಮೋಡಿ ಫಾಂಟೆಂದು ಕರೆಯಲಾಗದಿದ್ದರೂ ಅವು ಕೈಯ ಚಲನೆಯನ್ನು ಮರೆತಿಲ್ಲ. ಕಡತದ ಬರವಣಿಗೆಯನ್ನು ಆಧಾರವಾಗಿಟ್ಟ ಪೂರ್ಣಪ್ರಮಾಣದ ಫಾಂಟು ಬಂದರೆ ಅದು ಕನ್ನಡಕ್ಕೆ ದೊಡ್ಡ ಕೊಡುಗೆ.

ಬಳಕೆ

ಮೋಡಿ ಫಾಂಟಿನ ತವರು ಲಗ್ನಪತ್ರಿಕೆ. ಅಕ್ಕಿಹೆಬ್ಬಾಳು ಸೀಮೆಯಲ್ಲಿ ಪತ್ರಿಕೆಯ ನೆತ್ತಿಯ ಮೇಲೆ ಮನೆದೇವರ ಹೆಸರು ಬರುತ್ತದೆ: ಶ್ರೀ ಚೆಲುವನಾರಾಯಣಸ್ವಾಮಿ ಪ್ರಸನ್ನ, ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ. ಕೆಳಗೆ ಚಿ॥ರಾ॥ ಎಂದು ವರನ ಹೆಸರು, ಚಿ॥ಕುಂ॥ಸೌ॥ ಎಂದು ವಧುವಿನ ಹೆಸರು. ಶಾನುಭೋಗರ ಕಾಲದ ಎರಡು ನಿಲುಗೆರೆಯ ಮೊಟಕು ಇಲ್ಲಿ ಇಂದಿಗೂ ಜೀವಂತ. ಆಮೇಲೆ ಮುಹೂರ್ತ, ಛತ್ರದ ವಿಳಾಸ, ‘ತಮ್ಮ ಸುಖಾಗಮನಾಭಿಲಾಷಿಗಳು’ ಎಂಬ ಪಟ್ಟಿ. ಪತ್ರಿಕೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿಯೇ ಕೊಡುವುದು. ಇಂಗ್ಲಿಷ್ ಮಗ್ಗುಲಿಗೆ ಡಿಟಿಪಿ ಅಂಗಡಿಯವರು ಮಾನೊಟೈಪ್ ಕಾರ್ಸಿವಾದಂಥ ಓರೆ ಫಾಂಟನ್ನು ಹಾಕುತ್ತಾರೆ. ಕನ್ನಡದ ಮಗ್ಗುಲಲ್ಲಿ ಅದಕ್ಕೆ ಜೋಡಿ ಸಿಗದೆ ದಪ್ಪ ಅಕ್ಷರಕ್ಕೆ ನೆರಳು ಕೊಟ್ಟು ತೃಪ್ತರಾಗುತ್ತಾರೆ. ಕೊರತೆ ಕಣ್ಣಿಗೆ ರಾಚುವುದು ಈ ಒಂದೇ ಕಾಗದದ ಎರಡು ಮಗ್ಗುಲುಗಳಲ್ಲಿ.

ಮೋಡಿ ಫಾಂಟನ್ನು ದೇವರ ಹೆಸರಿಗೆ, ವಧೂವರರ ಹೆಸರಿಗೆ ಬಳಸಿದರೆ ಸಾಕು. ಮುಹೂರ್ತದ ಸಮಯ, ದಿನಾಂಕ, ವಿಳಾಸ, ಫೋನ್ ನಂಬರು ಸಾದಾ ಅಕ್ಷರದಲ್ಲೇ ಇರಬೇಕು. ಕನ್ನಡಕ ಮರೆತು ಬಂದ ಅಜ್ಜನಿಗೂ ಛತ್ರದ ಹೆಸರು ತಿಳಿಯಬೇಕಲ್ಲ! ಪುಸ್ತಕದ ವಿಚಾರವೂ ಅಷ್ಟೇ. ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿ ಊರ ಹೆಸರನ್ನು ತಮ್ಮ ಇನಿಷಿಯಲ್ಲಿನಲ್ಲಿ ಹೊತ್ತ ಎ.ಎನ್. ಮೂರ್ತಿರಾವ್ (1900–2003) ಅವರ ಹಗಲುಗನಸುಗಳು, ಚಿತ್ರಗಳು ಪತ್ರಗಳು ಮುಂತಾದ ಪುಸ್ತಕಗಳ ಶೀರ್ಷಿಕೆಗೆ ಮೋಡಿ ಅಕ್ಷರ ಒಪ್ಪೀತು, ಒಳಪುಟದ ಪ್ರಬಂಧಕ್ಕೆ ಒಪ್ಪದು. ಅವರ ಗದ್ಯದ ನಡೆ ಓದುಗನ ಕಣ್ಣು ತಡೆಯಿಲ್ಲದೆ ಸಾಗುವುದನ್ನು ಬೇಡುತ್ತದೆ, ಸಾಲು ಸಾಲಾಗಿ ಬಾಲ ಬೀಸುವ ಅಕ್ಷರ ಅದಕ್ಕೆ ಅಡ್ಡ ಬರುತ್ತದೆ. ಔಷಧದ ಚೀಟಿ, ಸೂಚನಾ ಫಲಕ, ಮತದಾರರ ಪಟ್ಟಿ, ಬಸ್ಸಿನ ಬೋರ್ಡುಗಳಲ್ಲಂತೂ ಮೋಡಿಗೆ ಜಾಗವೇ ಇಲ್ಲ.

ಕೊಳ್ಳುವ ಮೊದಲು ಫಾಂಟನ್ನು ಪರೀಕ್ಷಿಸಲು ‘ಅ ಆ ಇ ಈ’ ಬರೆದು ನೋಡಿದರೆ ಪ್ರಯೋಜನವಿಲ್ಲ. ‘ಲಕ್ಷ್ಮೀ’ ಬರೆದು ಕ್ಷಕಾರದ ಕೆಳಗಿನ ಮಕಾರ ಎಲ್ಲಿ ಕೂರುತ್ತದೆ ನೋಡಬೇಕು. ‘ರಾಷ್ಟ್ರ’ದ ಎರಡು ಒತ್ತುಗಳು ಒಂದನ್ನೊಂದು ತುಳಿಯುತ್ತವೆಯೇ, ‘ಸೂರ್ಯ’ದ ಅರ್ಕಾವತ್ತು ಬಾಲದಲ್ಲಿ ಕಳೆದುಹೋಗುತ್ತದೆಯೇ, ‘ಕೃಷ್ಣ’ದ ವಟ್ರಸುಳಿ ಪಕ್ಕದ ಣಕಾರದ ಒತ್ತಿಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡಬೇಕು. ಈಗ ಲಗ್ನಪತ್ರಿಕೆ ವಾಟ್ಸ್ಆ್ಯಪಿನಲ್ಲಿ ಚಿತ್ರವಾಗಿ ಹೋಗುತ್ತದೆ. ಫೋನಿನ ಪುಟ್ಟ ಪರದೆಯಲ್ಲಿ ಸಣ್ಣ ಗೆರೆ ಮಸುಕಾಗುವುದರಿಂದ ಹೆಸರಿನ ಗಾತ್ರ ಕಾಗದದಲ್ಲಿದ್ದದ್ದಕ್ಕಿಂತ ದೊಡ್ಡದಿರಬೇಕು. ಚಿತ್ರದೊಳಗಿನ ಅಕ್ಷರವನ್ನು ಹುಡುಕಲು ಬಾರದು, ಹಾಗಾಗಿ ತಾರೀಖು ಮತ್ತು ಛತ್ರದ ವಿಳಾಸವನ್ನು ಯೂನಿಕೋಡಿನಲ್ಲಿ ಬೇರೆಯಾಗಿ ಟೈಪಿಸಿ ಜೊತೆಗೆ ಕಳಿಸುವುದು ಒಳ್ಳೆಯದು.